ಕೊರವ ಮೀನು: ಸಾಕಣೆ ಮತ್ತು ಮರಿ ಉತ್ಪಾದನೆ

ಮೀನು ಸಾಕಣೆ ಎಂದ ಕೂಡಲೇ ನಮ್ಮ ರೈತರ ನೆನಪಿಗೆ ಬರುವುದು ಕಾಟ್ಲಾ, ರೋಹು ಮತ್ತು ಮೃಗಾಲ್ ಎಂಬ ಮೂರು ಗೆಂಡೆ ಜಾತಿಗಳು. ಇವು ಮೂಲದಲ್ಲಿ ಉತ್ತರದ ಗಂಗಾ ಬಯಲಿನ ನದಿಗಳ ಮೀನುಗಳು. ನಮ್ಮ ಕೆರೆಗಳಿಗೆ ಮರಿಗಳ ರೂಪದಲ್ಲಿ ಬಂದವು. ಇವು ಬರುವುದಕ್ಕೆ ಎಷ್ಟೋ ಮುಂಚಿನಿಂದ ನಮ್ಮ ಕೆರೆ, ಕುಂಟೆ, ಗದ್ದೆಗಳಲ್ಲಿ ತಾನಾಗಿಯೇ ಹುಟ್ಟಿ ಬೆಳೆಯುತ್ತಿರುವ ಮೀನು ಕೊರವ. ಇದನ್ನು ಕೆಲವು ಕಡೆ ಕುಚ್ಚು ಮೀನು ಎಂದೂ, ಬೆಂಗಳೂರಿನ ಮಾರುಕಟ್ಟೆಯಲ್ಲಿ ಕೊರಮೀನು ಎಂದೂ, ಮೀನುಗಾರಿಕೆಯ ಪುಸ್ತಕಗಳಲ್ಲಿ ಮರಲ್ ಎಂದೂ ಕರೆಯುತ್ತಾರೆ. ಮುಳ್ಳು ಕಡಿಮೆ, ಮಾಂಸ ಗಟ್ಟಿ, ಜೀವಂತವಾಗಿಯೇ ಮಾರಬಹುದು; ಸಾಮಾನ್ಯವಾಗಿ ಗೆಂಡೆಯ ಎರಡು ಪಟ್ಟಿಗೂ ಮೇಲ್ಪಟ್ಟ ಬೆಲೆ ಸಿಗುತ್ತದೆ. ನೆರೆಯ ತೆಲಂಗಾಣ ರಾಜ್ಯವು ಇದನ್ನೇ ತನ್ನ ರಾಜ್ಯ ಮೀನೆಂದು ಆರಿಸಿಕೊಂಡಿದೆ.

ಇಷ್ಟು ಬೆಲೆಯುಳ್ಳ ಮೀನನ್ನು ಹೆಚ್ಚಿನ ರೈತರು ಏಕೆ ಸಾಕುತ್ತಿಲ್ಲ? ಕಾರಣ ಒಂದೇ, ಮರಿ. ಗೆಂಡೆ ಮರಿಗಳು ಇಲಾಖೆಯ ಕೇಂದ್ರಗಳಲ್ಲಿ ಸುಲಭವಾಗಿ ಸಿಗುತ್ತವೆ. ಕೊರವದ ಮರಿಗಳನ್ನು ಇಂದಿಗೂ ಬಹುಪಾಲು ಕಡೆ ಕೆರೆಗಳಿಂದಲೇ ಬಾಚಿ ತರುತ್ತಾರೆ. ಹಾಗೆ ತಂದ ಮರಿಗಳಲ್ಲಿ ಹೆಚ್ಚಿನವು ಹೊಂಡ ಸೇರಿದ ಕೆಲವೇ ವಾರಗಳಲ್ಲಿ ಒಂದನ್ನೊಂದು ತಿಂದು ಮುಗಿಯುತ್ತವೆ. ರೈತನಿಗೂ ನಷ್ಟ, ಕೆರೆಗೂ ನಷ್ಟ. ಮೊಟ್ಟೆ ಒಡೆದ ದಿನದಿಂದ ಮೊದಲ 45 ದಿನಗಳನ್ನು ಸರಿಯಾಗಿ ನಿಭಾಯಿಸಿದರೆ ಈ ಎರಡೂ ನಷ್ಟಗಳನ್ನು ತಪ್ಪಿಸಬಹುದು. ಅದು ಹೇಗೆಂಬುದನ್ನು ಈ ಲೇಖನದಲ್ಲಿ ತಿಳಿಸಲಾಗಿದೆ.

ಸಣ್ಣ ಹಿಡುವಳಿಗೆ ಒಪ್ಪುವ ಮೀನು

ಬೆಂಗಳೂರಿನ ದಕ್ಷಿಣ ಅಂಚಿನ ಅಂಜನಾಪುರವನ್ನೇ ಉದಾಹರಣೆಗೆ ತೆಗೆದುಕೊಳ್ಳಿ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಬಡಾವಣೆ ಬಂದ ಮೇಲೆ ಇಲ್ಲಿನ ಕೆರೆಯ ಸುತ್ತ ಮನೆಗಳೆದ್ದಿವೆ. 2021ರ ಜನವರಿಯಲ್ಲಿ ಕನಕಪುರ ರಸ್ತೆಯ ರೇಷ್ಮೆ ಸಂಸ್ಥೆಯವರೆಗೆ ಮೆಟ್ರೊ ರೈಲೂ ಬಂದಿತು. ಇಲ್ಲಿಂದ ತಲಘಟ್ಟಪುರ, ಕಗ್ಗಲೀಪುರ, ಬನ್ನೇರುಘಟ್ಟ, ಹಾರೋಹಳ್ಳಿಯ ಕಡೆಗೆ ಹೋದಂತೆ ಇನ್ನೂ ಬೇಸಾಯ ಉಳಿದಿದೆ. ಆದರೆ ಹಲವರ ಬಳಿ ಇರುವುದು ಕೆಲವು ಗುಂಟೆ ಜಮೀನು, ಒಂದು ಕೊಳವೆ ಬಾವಿ, ಹೆಚ್ಚೆಂದರೆ ಒಂದು ಕೃಷಿ ಹೊಂಡ. ವರ್ಷವಿಡೀ ತುಂಬಿ ನಿಲ್ಲುವ ದೊಡ್ಡ ನೀರು ಇಲ್ಲದ ಕಡೆ ಗೆಂಡೆ ಸಾಕಣೆ ಕಷ್ಟ.

ಕೊರವಕ್ಕೆ ಆ ಕಷ್ಟವಿಲ್ಲ. ಅದರ ತಲೆಯೊಳಗೆ, ಕಿವಿರುಗಳ ಮೇಲ್ಭಾಗದಲ್ಲಿ ಗಾಳಿ ಹಿಡಿದಿಡುವ ಒಂದು ಕೋಣೆಯಿದೆ. ಮೀನು ಆಗಾಗ ನೀರಿನ ಮೇಲಕ್ಕೆ ಬಂದು ಬಾಯಿಯಿಂದ ಗಾಳಿ ಕುಡಿಯುತ್ತದೆ. ಆದುದರಿಂದ ನೀರಿನಲ್ಲಿ ಆಮ್ಲಜನಕ ಕಡಿಮೆಯಾದರೂ ಸಾಯುವುದಿಲ್ಲ; ಬೇಸಿಗೆಯಲ್ಲಿ ಕೆರೆ ಬತ್ತಿದರೆ ಕೆಸರಿನಲ್ಲಿ ಹುದುಗಿ ಮಳೆಗಾಗಿ ಕಾಯುತ್ತದೆ. ಇನ್ನು ಕೊಳ್ಳುವವರು ದೂರದಲ್ಲಿಲ್ಲ. ಜೀವಂತ ಮೀನಿಗೆ ಬೆಂಗಳೂರು ದೊಡ್ಡ ಪೇಟೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. 2016ರ ಮಾರ್ಚಿಯಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದ್ದನ್ನು ಹಲವರು ಬಲ್ಲರು. ಚರಂಡಿ ನೀರು ಸೇರಿ ಆಮ್ಲಜನಕ ಬರಿದಾದಾಗ ಮೊದಲು ಸಾಯುವುದು ಗೆಂಡೆಗಳು. ಗಾಳಿ ಕುಡಿಯುವ ಕೊರವ ಅಂತಹ ನೀರಿನಲ್ಲೂ ಉಳಿದೀತು. ಆದರೆ ಮೀನು ಬದುಕಿದೆ ಎಂದ ಮಾತ್ರಕ್ಕೆ ನೀರು ಶುದ್ಧವೆಂದು ತಿಳಿಯಬಾರದು. ಇತರ ಮೀನುಗಳನ್ನು ತಿಂದು ಬೆಳೆಯುವ ಜಾತಿಯ ಮೈಯಲ್ಲಿ ನೀರಿನ ವಿಷಾಂಶಗಳು ಶೇಖರವಾಗುವುದು ಹೆಚ್ಚು. ಚರಂಡಿ ಅಥವಾ ಕಾರ್ಖಾನೆಯ ನೀರು ಬರುವ ಹೊಂಡದಲ್ಲಿ ಕೊರವವನ್ನು ಸಾಕಬೇಡಿ.

ಯಾವ ಜಾತಿ ಆರಿಸಬೇಕು?

ನಮ್ಮ ರಾಜ್ಯದಲ್ಲಿ ಸಿಗುವ ಕೊರವಗಳಲ್ಲಿ ಸಾಕಣೆಯ ದೃಷ್ಟಿಯಿಂದ ಮೂರನ್ನು ಗುರುತಿಸಬಹುದು.

ಪಟ್ಟೆ ಕೊರವ: ಶಾಸ್ತ್ರೀಯ ಹೆಸರು ಚನ್ನ ಸ್ಟ್ರಿಯೇಟ. ಬೆನ್ನು ಕಪ್ಪು ಮಿಶ್ರಿತ ಕಂದು, ಹೊಟ್ಟೆ ಬಿಳಿ, ಪಕ್ಕದಲ್ಲಿ ಓರೆ ಪಟ್ಟೆಗಳು. ಸಣ್ಣ ಹೊಂಡಗಳಿಗೆ ಇದೇ ಅತ್ಯಂತ ಸೂಕ್ತ. ತಯಾರಿಸಿದ ಆಹಾರಕ್ಕೂ ಹೊಂದಿಕೊಳ್ಳುತ್ತದೆ.

ಹೂ ಮರಲ್: ಚನ್ನ ಮರುಲಿಯಸ್. ಬಾಲದ ಬುಡದಲ್ಲಿ ಕಣ್ಣಿನಂತಹ ಕಪ್ಪು ಬೊಟ್ಟು ಇರುತ್ತದೆ. ಎಲ್ಲಕ್ಕಿಂತ ದೊಡ್ಡದಾಗಿ ಬೆಳೆಯುತ್ತದೆ. ಆದರೆ ವಿಶಾಲವಾದ, ಆಳದ ನೀರು ಬೇಕು. ಜೀವಂತ ಆಹಾರವನ್ನು ಸುಲಭವಾಗಿ ಬಿಡುವುದಿಲ್ಲ.

ಚುಕ್ಕೆ ಕೊರವ: ಚನ್ನ ಪಂಕ್ಟೇಟ. ಗಾತ್ರ ಚಿಕ್ಕದು. ಗದ್ದೆ, ಕಾಲುವೆಗಳಲ್ಲಿ ಸಾಮಾನ್ಯ. ಮನೆ ಬಳಕೆಗೆ ಸರಿ, ಮಾರಾಟಕ್ಕೆ ಲಾಭವಿಲ್ಲ.

ಹೊಸಬರು ಪಟ್ಟೆ ಕೊರವದಿಂದಲೇ ಆರಂಭಿಸುವುದು ಲೇಸು. ಈ ಲೇಖನದ ಮುಂದಿನ ಅಳತೆಗಳೆಲ್ಲ ಅದಕ್ಕೆ ಸಂಬಂಧಿಸಿದವು.

ಕೊರವದ ಸಂಸಾರ

ಮರಿ ಉತ್ಪಾದನೆಗೆ ಕೈಹಾಕುವ ಮೊದಲು ಈ ಮೀನಿನ ಸ್ವಭಾವವನ್ನು ಅರಿಯಬೇಕು. ಗೆಂಡೆಗಳು ಮಳೆಗಾಲದ ಹರಿಯುವ ನೀರಿನಲ್ಲಿ ಲಕ್ಷಗಟ್ಟಲೆ ಮೊಟ್ಟೆ ಚೆಲ್ಲಿ ಹೋಗುತ್ತವೆ; ಮೊಟ್ಟೆಗಳ ಪಾಡು ಮೊಟ್ಟೆಗಳಿಗೆ. ಕೊರವ ಹಾಗಲ್ಲ, ಅದು ಜೋಡಿಯಾಗಿ ಸಂಸಾರ ಹೂಡುತ್ತದೆ. ಮೃಗಶಿರಾ, ಆರಿದ್ರಾ ಮಳೆಗಳು ಬಿದ್ದು ಹೊಸ ನೀರು ಸೇರಿದಾಗ ಗಂಡು ಹೆಣ್ಣು ಎರಡೂ ಕೆರೆಯ ಅಂಚಿನ ತೆಳು ನೀರಿಗೆ ಬರುತ್ತವೆ. ಬಾಯಿ ಮತ್ತು ಬಾಲದಿಂದ ಜೊಂಡನ್ನು ಸರಿಸಿ ಸುಮಾರು ಒಂದು ಅಡಿ ಅಗಲದ ದುಂಡನೆಯ ಜಾಗ ಮಾಡಿಕೊಳ್ಳುತ್ತವೆ. ಅದೇ ಗೂಡು. ಅಲ್ಲಿ ಇಟ್ಟ ಮೊಟ್ಟೆಗಳು ಜೇನಿನ ಬಣ್ಣದವು. ಒಂದೊಂದರಲ್ಲೂ ಎಣ್ಣೆಯ ಹನಿ ಇರುವುದರಿಂದ ನೀರಿನ ಮೇಲೆ ಒಂದು ಪದರದಂತೆ ತೇಲುತ್ತವೆ. ಒಂದು ಕಿ.ಗ್ರಾಂ. ತೂಕದ ಹೆಣ್ಣು ಸುಮಾರು 10ರಿಂದ 20 ಸಾವಿರ ಮೊಟ್ಟೆ ಇಡಬಲ್ಲದು. ಗೆಂಡೆಯ ಲೆಕ್ಕಕ್ಕೆ ಇದು ಬಹಳ ಕಡಿಮೆ. ಕಡಿಮೆ ಮೊಟ್ಟೆ ಇಡುವ ಮೀನು ಅದನ್ನು ಕಾವಲಿನಿಂದ ಸರಿದೂಗಿಸಿಕೊಳ್ಳುತ್ತದೆ.

ಕಾವಲಿನ ಭಾರ ಮುಖ್ಯವಾಗಿ ಗಂಡಿನದು. ಮೊಟ್ಟೆ ಒಡೆದು ಹೊರಬಂದ ಮರಿಗಳು ಕೆಲವು ದಿನಗಳಲ್ಲಿ ಕೆಂಪು ಮಿಶ್ರಿತ ಕಿತ್ತಳೆ ಬಣ್ಣಕ್ಕೆ ತಿರುಗುತ್ತವೆ. ಸಾವಿರಾರು ಮರಿಗಳು ಒಂದೇ ಮುದ್ದೆಯಾಗಿ ನೀರಿನ ಮೇಲೆ ಗುಳ್ಳೆ ಎಬ್ಬಿಸುತ್ತ ಚಲಿಸುವುದನ್ನು ಕೆರೆ ದಡದಲ್ಲಿ ನೀವು ಕಂಡಿರಬಹುದು. ಅವುಗಳ ಕೆಳಗೇ ತಂದೆ ಇರುತ್ತದೆ. ಕಪ್ಪೆ ಬರಲಿ, ನೀರುಹಾವು ಬರಲಿ, ಜಿಲೇಬಿ ಮೀನು ಬರಲಿ, ಮೇಲೆರಗಿ ಓಡಿಸುತ್ತದೆ.

ಕೊರವಕ್ಕೆ ಕುತ್ತಾಗಿರುವುದೂ ಈ ಸ್ವಭಾವವೇ. ಮರಿಗಳ ಮುದ್ದೆ ಕಂಡಲ್ಲಿ ಕಪ್ಪೆಯ ಎರೆ ಕಟ್ಟಿ ಗಾಳ ಹಾಕಿದರೆ ಕಾವಲಿನ ಮೀನು ಹಸಿವಿಲ್ಲದಿದ್ದರೂ ಬಂದು ಕಚ್ಚುತ್ತದೆ. ತಂದೆಯನ್ನು ಎತ್ತಿದ ಮೇಲೆ ಆ ಮುದ್ದೆ ಹೆಚ್ಚು ಹೊತ್ತು ಉಳಿಯುವುದಿಲ್ಲ. ಸುತ್ತಲಿನ ಮೀನುಗಳು ಅದನ್ನು ತಿಂದು ಮುಗಿಸುತ್ತವೆ. ಒಂದು ಮೀನಿನ ಆಸೆಗೆ ಒಂದು ಇಡೀ ಪೀಳಿಗೆ ಹೋಗುತ್ತದೆ. ಮರಿಗಳನ್ನೇ ಸೊಳ್ಳೆ ಪರದೆಯಲ್ಲಿ ಬಾಚುವುದೂ ಇದಕ್ಕಿಂತ ಉತ್ತಮವಲ್ಲ. ಮೊದಲೇ ಹೂಳು, ಒತ್ತುವರಿ, ಕೊಳಚೆಗಳಿಂದ ಸೊರಗಿರುವ ಅಂಜನಾಪುರದ ಸುತ್ತಿನಂತಹ ಕೆರೆಗಳಲ್ಲಿ ನಾಲ್ಕಾರು ವರ್ಷ ಹೀಗೆ ನಡೆದರೆ ಕೊರವ ಕಾಣೆಯಾಗುವುದು ಖಂಡಿತ. ಆದುದರಿಂದ ಕೆರೆಯ ಮರಿಗೆ ಕೈಹಾಕದೆ, ಕೆಲವು ಜೋಡಿ ತಾಯಿ ಮೀನುಗಳನ್ನು ಇಟ್ಟುಕೊಂಡು ಮನೆಯಲ್ಲೇ ಮರಿ ಮಾಡಿಕೊಳ್ಳುವುದು ಮೇಲು.

ಜೋಡಿ ಆರಿಸುವ ಬಗೆ

ಒಂದು ವರ್ಷ ತುಂಬಿದ, ಅರ್ಧದಿಂದ ಒಂದು ಕಿ.ಗ್ರಾಂ. ತೂಕದ, ಗಾಯವಿಲ್ಲದ ಮೀನುಗಳನ್ನು ಫೆಬ್ರವರಿ, ಮಾರ್ಚಿಯಲ್ಲೇ ತಂದಿಟ್ಟುಕೊಳ್ಳಿ. ನೋಂದಾಯಿತ ಸಾಕಣೆದಾರರಿಂದ ಕೊಳ್ಳುವುದು ಉತ್ತಮ. ಕೆರೆಯಿಂದಲೇ ತರಬೇಕಾದರೆ ಮೀನಿನ ಹಕ್ಕು ಯಾರದೆಂದು ವಿಚಾರಿಸಿ, ಅನುಮತಿ ಪಡೆದು, ಮರಿ ಕಾಲಕ್ಕೆ ಮುಂಚೆಯೇ ತರಬೇಕು. ಗಾಳಕ್ಕೆ ಸಿಕ್ಕಿ ಬಾಯಿ ಹರಿದ ಮೀನು ಬೇಡ.

ಮಳೆಗಾಲ ಹತ್ತಿರ ಬಂದಾಗ ಗಂಡು ಹೆಣ್ಣುಗಳನ್ನು ಗುರುತಿಸಬಹುದು. ಹೆಣ್ಣಿನ ಹೊಟ್ಟೆ ಉಬ್ಬಿ ಮೆತ್ತಗಿರುತ್ತದೆ. ಮಲದ್ವಾರದ ಬಳಿಯ ರಂಧ್ರ ದುಂಡಗೆ, ಕೆಂಪಾಗಿರುತ್ತದೆ. ಗಂಡಿನ ಮೈ ತೆಳ್ಳಗೆ, ಉದ್ದಕ್ಕಿರುತ್ತದೆ; ರಂಧ್ರ ಚಿಕ್ಕದು, ಬಿಳಿಚಿಕೊಂಡಿರುತ್ತದೆ. ಈ ಮೂರು ತಿಂಗಳು ತಾಯಿ ಮೀನುಗಳಿಗೆ ಸಣ್ಣ ಜಿಲೇಬಿ ಮೀನು, ಎರೆಹುಳು ಮತ್ತು ತಯಾರಿಸಿದ ಆಹಾರವನ್ನು ಹೊಟ್ಟೆ ತುಂಬ ಕೊಡಿ. ತಾಯಿ ಸೊರಗಿದರೆ ಮೊಟ್ಟೆಯೂ ಸೊರಗುತ್ತದೆ.

ಮರಿ ಮಾಡಿಸುವ ತೊಟ್ಟಿ

ಹತ್ತು ಅಡಿ ಉದ್ದ, ಆರು ಅಡಿ ಅಗಲದ ಸಿಮೆಂಟ್ ತೊಟ್ಟಿ ಅಥವಾ ಟಾರ್ಪಾಲಿನ್ ಹಾಸಿದ ಗುಂಡಿ ಸಾಕು. ನೀರು ಎರಡರಿಂದ ಎರಡೂವರೆ ಅಡಿ ಮಾತ್ರ ಇರಲಿ. ಅರ್ಧ ಭಾಗದಲ್ಲಿ ಅಂತರಗಂಗೆ ಅಥವಾ ಬೇರೆ ತೇಲುವ ಗಿಡಗಳನ್ನು ಬಿಡಿ, ಇನ್ನರ್ಧ ತೆರೆದಿರಲಿ. ತೊಟ್ಟಿಯ ಮೇಲೆ ಬಲೆಯನ್ನು ಬಿಗಿಯಾಗಿ ಕಟ್ಟಲೇಬೇಕು. ಕೊರವ ಮೂರು ನಾಲ್ಕು ಅಡಿ ಸುಲಭವಾಗಿ ನೆಗೆಯುತ್ತದೆ. ಮಳೆ ರಾತ್ರಿಯಲ್ಲಿ ಹಸಿ ನೆಲದ ಮೇಲೆ ತೆವಳಿಕೊಂಡು ಬೇರೆ ನೀರಿಗೆ ಹೋಗುತ್ತದೆ. ಬಲೆ ಮತ್ತು ನೀರಿನ ನಡುವೆ ಮಾತ್ರ ಗಾಳಿಗೆ ಜಾಗವಿರಲಿ; ಮೇಲಕ್ಕೆ ಬಂದು ಗಾಳಿ ಕುಡಿಯಲು ಆಗದಿದ್ದರೆ ಕೊರವ ನೀರಿನಲ್ಲೇ ಉಸಿರುಗಟ್ಟಿ ಸಾಯುತ್ತದೆ.

ಒಂದು ತೊಟ್ಟಿಗೆ ಒಂದೇ ಜೋಡಿ. ಎರಡು ಗಂಡುಗಳಿದ್ದರೆ ಕಾದಾಡುತ್ತವೆ. ಮೋಡ ಕವಿದ ದಿನ ಸಂಜೆ ಹಳೆಯ ನೀರಿನ ಅರ್ಧವನ್ನು ತೆಗೆದು, ಹೊಸ ನೀರನ್ನು ಮಳೆಯಂತೆ ಮೇಲಿನಿಂದ ಸಿಂಪಡಿಸಿ ತುಂಬಿಸಿ. ಚೆನ್ನಾಗಿ ಮಾಗಿದ ಜೋಡಿ ಇಷ್ಟಕ್ಕೇ ಒಂದೆರಡು ರಾತ್ರಿಗಳಲ್ಲಿ ಮೊಟ್ಟೆ ಇಡಬಹುದು.

ಹಾಗೆ ಇಡದಿದ್ದರೆ ಪ್ರಚೋದಕ ಚುಚ್ಚುಮದ್ದಿನ ನೆರವು ಪಡೆಯಬಹುದು. ಓವಾಪ್ರಿಮ್, ವೋವಾ-ಎಫ್‌ಎಚ್ ಮೊದಲಾದ ಹೆಸರುಗಳಲ್ಲಿ ಇದು ಸಿಗುತ್ತದೆ. ಹೆಣ್ಣಿಗೆ ಪ್ರತಿ ಕಿ.ಗ್ರಾಂ. ತೂಕಕ್ಕೆ 0.4ರಿಂದ 0.6 ಮಿ.ಲೀ., ಗಂಡಿಗೆ 0.2ರಿಂದ 0.4 ಮಿ.ಲೀ. ಒಂದೇ ಸಲ ಕೊಡಬೇಕು. ಸಂಜೆ ಕೊಟ್ಟರೆ ಸಾಮಾನ್ಯವಾಗಿ ಒಂದು ಹಗಲು ಕಳೆಯುವುದರೊಳಗೆ ಮೊಟ್ಟೆ ಬೀಳುತ್ತದೆ. ಮೊದಲ ಸಲ ಇದನ್ನು ಬಲ್ಲವರ ಎದುರಿನಲ್ಲೇ ಮಾಡಿ ಕಲಿಯಿರಿ. ಹೆಸರಘಟ್ಟದಲ್ಲಿ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆಯ ಪ್ರಾದೇಶಿಕ ಸಂಶೋಧನಾ ಕೇಂದ್ರವಿದೆ. 1969ರಲ್ಲಿ ಆರಂಭವಾದ ಮಂಗಳೂರಿನ ಮೀನುಗಾರಿಕೆ ಕಾಲೇಜು ಈಗ ಬೀದರಿನ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದೆ. ನಿಮ್ಮ ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಮೂಲಕ ಇಂತಹ ಕಡೆ ತರಬೇತಿಯ ಬಗ್ಗೆ ವಿಚಾರಿಸಬಹುದು.

ಮೊದಲ 45 ದಿನ

ಬೆಳಿಗ್ಗೆ ತೊಟ್ಟಿಯಲ್ಲಿ ಜೇನು ಬಣ್ಣದ ಮೊಟ್ಟೆಗಳ ಪದರ ಕಂಡರೆ ಅಗಲ ಬಾಯಿಯ ಪಾತ್ರೆಯಿಂದ ನೀರಿನ ಸಮೇತ ಮೆಲ್ಲಗೆ ಎತ್ತಿ ಬೇರೆ ತೊಟ್ಟಿಗೆ ಸೇರಿಸಿ. ಬೆಳ್ಳಗೆ ಹಾಲಿನಂತೆ ಆದ ಮೊಟ್ಟೆಗಳು ಸತ್ತವು. ಅವನ್ನು ಚಮಚದಿಂದ ಹೆಕ್ಕಿ ತೆಗೆಯದಿದ್ದರೆ ಬೂಷ್ಟು ಹಬ್ಬಿ ಒಳ್ಳೆಯ ಮೊಟ್ಟೆಗಳೂ ಕೆಡುತ್ತವೆ. ನೀರಿನ ಉಷ್ಣತೆ 28ರಿಂದ 30 ಡಿಗ್ರಿ ಇದ್ದರೆ 24ರಿಂದ 30 ಗಂಟೆಗಳಲ್ಲಿ ಮೊಟ್ಟೆ ಒಡೆಯುತ್ತದೆ. ಬೆಂಗಳೂರಿನ ತಂಪು ಹವೆಯಲ್ಲಿ ಇನ್ನೂ ಸ್ವಲ್ಪ ಹೊತ್ತು ಹಿಡಿಯಬಹುದು.

ಮೊದಲ ಮೂರು ದಿನ: ಮರಿಯ ಹೊಟ್ಟೆಯಲ್ಲಿ ಮೊಟ್ಟೆಯ ಭಂಡಾರ ಇರುತ್ತದೆ. ಆಹಾರ ಬೇಕಿಲ್ಲ. ನೀರನ್ನು ಕಲಕಬೇಡಿ.

4ನೆಯ ದಿನದಿಂದ 15ನೆಯ ದಿನ: ಈಗ ಮರಿ ಬಾಯಿ ತೆರೆಯುತ್ತದೆ. ಬಾಯಿಗೆ ಹಿಡಿಸುವಷ್ಟು ಸಣ್ಣ ಜೀವಂತ ಆಹಾರವೇ ಬೇಕು. ಹಿಂಡಿ, ತೌಡುಗಳನ್ನು ಅದು ಮುಟ್ಟುವುದಿಲ್ಲ. ನೀರಿನ ಪ್ರಾಣಿ ಪ್ಲವಕಗಳನ್ನು ಮುಂಚೆಯೇ ಬೆಳೆಸಿಟ್ಟುಕೊಳ್ಳಬೇಕು. 200 ಲೀಟರಿನ ಡ್ರಮ್ಮಿನಲ್ಲಿ ಎರಡು ಹಿಡಿ ಹಸಿ ಸಗಣಿ, ಒಂದು ಹಿಡಿ ನೆನೆಸಿದ ಕಡಲೆಕಾಯಿ ಹಿಂಡಿ ಕದಡಿ, ಬಿಸಿಲು ಬೀಳುವ ಕಡೆ ಇಡಿ. ಮೂರು ನಾಲ್ಕು ದಿನದ ಮೇಲೆ ಕೆರೆಯ ನೀರನ್ನು ತೆಳು ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದ ಚಲಿಸುವ ಕಣಗಳನ್ನು ಇದಕ್ಕೆ ಬಿಡಿ. ವಾರದೊಳಗೆ ಅವು ಹುಲುಸಾಗಿ ಹೆಚ್ಚುತ್ತವೆ. ಮೊಟ್ಟೆ ಇಡಿಸುವ ಹತ್ತು ದಿನ ಮುಂಚೆಯೇ ಈ ಕೆಲಸ ಮುಗಿದಿರಬೇಕು. ಮರಿ ಬಂದ ಮೇಲೆ ಆಹಾರಕ್ಕೆ ಹುಡುಕುವವನ ತೊಟ್ಟಿಯಲ್ಲಿ ಮರಿ ಉಳಿಯುವುದಿಲ್ಲ. ದಿನಕ್ಕೆ ನಾಲ್ಕು ಐದು ಸಲ ಸ್ವಲ್ಪ ಸ್ವಲ್ಪವಾಗಿ ಕೊಡಿ. ತೊಟ್ಟಿಗೆ ಕೊಡತಿ ಹುಳುವಿನ ಮರಿ, ಅಂದರೆ ನೀರಿನಲ್ಲಿರುವ ಏರೋಪ್ಲೇನ್ ಚಿಟ್ಟೆಯ ಹುಳು, ಬಾರದಂತೆ ತೆಳು ಬಲೆ ಮುಚ್ಚಿ. ಇಂತಹ ಒಂದು ಹುಳು ದಿನಕ್ಕೆ ಹತ್ತಾರು ಮರಿಗಳನ್ನು ಹಿಡಿದು ತಿನ್ನಬಲ್ಲದು.

16ರಿಂದ 30ನೆಯ ದಿನ: ಸೊಳ್ಳೆ ಹುಳು, ತೊಳೆದು ಸಣ್ಣಗೆ ಕೊಚ್ಚಿದ ಎರೆಹುಳು, ಬೇಯಿಸಿದ ಕೋಳಿ ಮೊಟ್ಟೆಯ ಪುಡಿ ಕೊಡಬಹುದು. ಅಪಾಯ ಆರಂಭವಾಗುವುದು ಈಗಲೇ. ಒಂದೇ ದಿನ ಹುಟ್ಟಿದ ಮರಿಗಳಲ್ಲಿ ಕೆಲವು ಬೇಗ ಬೆಳೆಯುತ್ತವೆ. ಹಾಗೆ ಬೆಳೆದವು ತಮಗಿಂತ ಚಿಕ್ಕವನ್ನು ನುಂಗಲು ತೊಡಗುತ್ತವೆ. ನುಂಗಿದ್ದು ಇನ್ನೂ ಬೇಗ ಬೆಳೆದು ಮತ್ತಷ್ಟು ನುಂಗುತ್ತದೆ. ಸತ್ತ ಮರಿ ತೇಲುವುದಿಲ್ಲವಾದ್ದರಿಂದ ರೈತನಿಗೆ ತಿಳಿಯುವುದೇ ಇಲ್ಲ. ತಿಂಗಳ ಕೊನೆಗೆ ಎಣಿಸಿದಾಗ ಸಾವಿರದಲ್ಲಿ ನೂರು ಉಳಿದಿರುತ್ತವೆ.

ಇದಕ್ಕೆ ಔಷಧಿ ಇಲ್ಲ, ಕೆಲಸವಿದೆ. ಐದರಿಂದ ಏಳು ದಿನಕ್ಕೊಮ್ಮೆ ಮರಿಗಳನ್ನು ಗಾತ್ರದಂತೆ ವಿಂಗಡಿಸಬೇಕು. ಬೇರೆ ಬೇರೆ ಕಣ್ಣಿನ ಬಲೆಯ ಅಥವಾ ರಂಧ್ರದ ಬುಟ್ಟಿಗಳಲ್ಲಿ ಮರಿಗಳನ್ನು ಬಿಟ್ಟರೆ ಚಿಕ್ಕವು ಹೊರಗೆ ಜಾರುತ್ತವೆ, ದೊಡ್ಡವು ಒಳಗೆ ಉಳಿಯುತ್ತವೆ. ದೊಡ್ಡ, ನಡು, ಚಿಕ್ಕ ಎಂದು ಮೂರು ತೊಟ್ಟಿ ಮಾಡಿಕೊಳ್ಳಿ. ಮೋಡದ ದಿನ ಅಥವಾ ಬೆಳಗಿನ ತಂಪಿನಲ್ಲಿ, ಕೈಯಿಂದ ಮುಟ್ಟದೆ, ನೀರಿನೊಳಗೇ ಈ ಕೆಲಸ ಮಾಡಿ. ಇದರ ಜೊತೆಗೆ ಮರಿಗಳ ಹೊಟ್ಟೆ ಖಾಲಿ ಇರದಂತೆ ನೋಡಿಕೊಳ್ಳಿ. ಹಸಿದ ಮರಿಯೇ ಮೊದಲು ಒಡಹುಟ್ಟನ್ನು ತಿನ್ನುವುದು. ತೊಟ್ಟಿಯಲ್ಲಿ ಗಿಡಗಳ ಬೇರು, ಒಡೆದ ಹೆಂಚು ಇದ್ದರೆ ಚಿಕ್ಕವಕ್ಕೆ ಅವಿತುಕೊಳ್ಳಲು ಜಾಗವಾಗುತ್ತದೆ.

31ರಿಂದ 45ನೆಯ ದಿನ: ಸುಮಾರು ಒಂದೂವರೆ ಅಂಗುಲ ಬೆಳೆದ ಮರಿಗಳಿಗೆ ತಯಾರಿಸಿದ ಆಹಾರದ ರೂಢಿ ಮಾಡಿಸಬೇಕು. ಮೊದಲ ದಿನ ಕೊಚ್ಚಿದ ಎರೆಹುಳು ಮುಕ್ಕಾಲು ಭಾಗ, ಮೀನುಪುಡಿಯ ಮುದ್ದೆ ಕಾಲು ಭಾಗ ಕಲಸಿ ಕೊಡಿ. ಎರಡು ಮೂರು ದಿನಕ್ಕೊಮ್ಮೆ ಎರೆಹುಳುವನ್ನು ಕಡಿಮೆ ಮಾಡುತ್ತ, ಮುದ್ದೆಯನ್ನು ಹೆಚ್ಚಿಸುತ್ತ ಬನ್ನಿ. ಎರಡು ವಾರ ಕಳೆಯುವುದರೊಳಗೆ ಹೆಚ್ಚಿನವು ಮುದ್ದೆಗೆ, ಅನಂತರ ತೇಲುವ ಗುಳಿಗೆ ಆಹಾರಕ್ಕೆ ಒಗ್ಗುತ್ತವೆ. ದಿನವೂ ಅದೇ ಸಮಯ, ಅದೇ ಮೂಲೆ ಇರಲಿ. ಈ ರೂಢಿಯಾಗದ ಮರಿಯನ್ನು ದೊಡ್ಡ ಹೊಂಡಕ್ಕೆ ಬಿಟ್ಟರೆ ಅದು ಆಹಾರ ತಿನ್ನುವುದಿಲ್ಲ, ಜೊತೆಯ ಮೀನನ್ನು ತಿನ್ನುತ್ತದೆ.

ಬೆಳೆಸುವ ಹೊಂಡ

2014ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯಿಂದ ನಮ್ಮ ಒಣಭೂಮಿ ತಾಲ್ಲೂಕುಗಳಲ್ಲಿ ಸಾವಿರಾರು ಕೃಷಿ ಹೊಂಡಗಳಾದವು. ಇವು ಸಾಮಾನ್ಯವಾಗಿ ಸುಮಾರು 3 ಮೀಟರ್ ಆಳದವು. ಹೆಚ್ಚು ನೀರಿದ್ದಷ್ಟೂ ಮೀನಿಗೆ ಒಳ್ಳೆಯದೆಂಬ ಭಾವನೆ ಇದೆ. ಕೊರವದ ವಿಷಯದಲ್ಲಿ ಇದು ಸರಿಯಲ್ಲ. ಪ್ರತಿ ಸಲ ಉಸಿರಾಡಲು ಅದು ತಳದಿಂದ ಮೇಲಕ್ಕೆ ಬಂದು ಹೋಗಬೇಕು. ಆಳ ಹೆಚ್ಚಿದಷ್ಟೂ ಈ ಓಡಾಟಕ್ಕೇ ಆಹಾರದ ಶಕ್ತಿ ಖರ್ಚಾಗಿ ಬೆಳವಣಿಗೆ ಕುಂದುತ್ತದೆ. ಮೂರೂವರೆಯಿಂದ ಐದು ಅಡಿ ನೀರು ಸಾಕು. ಆಳದ ಹೊಂಡವಿದ್ದರೆ ಅದರೊಳಗೆ ನಾಲ್ಕು ಅಡಿ ಆಳದ ಬಲೆ ತೊಟ್ಟಿಲನ್ನು ಕಂಬಗಳಿಗೆ ಕಟ್ಟಿ, ಮೇಲೆ ಬಲೆ ಹೊದಿಸಿ ಅದರಲ್ಲಿ ಸಾಕಬಹುದು.

ಮಣ್ಣಿನ ಹೊಂಡವಾದರೆ ಮೊದಲು ಒಣಗಿಸಿ ಗುಂಟೆಗೆ 2ರಿಂದ 2.5 ಕಿ.ಗ್ರಾಂ. ಸುಣ್ಣ ಹಾಕಿ, ವಾರದ ಮೇಲೆ ನೀರು ತುಂಬಿಸಿ. ಸುತ್ತ ನಾಲ್ಕು ಅಡಿ ಎತ್ತರದ ಬಲೆ ಬೇಲಿಯನ್ನು ಒಳಕ್ಕೆ ಬಾಗಿದಂತೆ ಕಟ್ಟಿ, ಬುಡವನ್ನು ಮಣ್ಣಿನಲ್ಲಿ ಹೂಳಬೇಕು. ನೀರು ಬರುವ, ಹೋಗುವ ಬಾಯಿಗಳಿಗೆ ಜಾಲರಿ ಇರಲಿ. ನೀರಿನ ಕಾಲು ಭಾಗದಲ್ಲಿ ಬಿದಿರಿನ ಚೌಕಟ್ಟಿನೊಳಗೆ ಅಂತರಗಂಗೆ ಇದ್ದರೆ ನೆರಳಾಗುತ್ತದೆ. ಚೌಕಟ್ಟು ಮೀರಿ ಹಬ್ಬಲು ಬಿಡಬೇಡಿ. ಪ್ಲಾಸ್ಟಿಕ್ ಹಾಸಿದ ಹೊಂಡದ ಇಳಿಜಾರು ಜಾರುತ್ತದೆ. ಮಕ್ಕಳು, ದನಕರುಗಳು ಬೀಳದಂತೆ ಬೇಲಿ, ಬಿದ್ದವರು ಹಿಡಿದು ಮೇಲೇರಲು ಹಗ್ಗ ಕಟ್ಟಿರಬೇಕು.

ಒಂದೇ ಗಾತ್ರದ, ಮೂರು ನಾಲ್ಕು ಅಂಗುಲದ ಮರಿಗಳನ್ನು ಚದರ ಮೀಟರಿಗೆ ಒಂದರಿಂದ ಎರಡರಂತೆ, ಅಂದರೆ ಗುಂಟೆಗೆ 100ರಿಂದ 200 ಬಿಡಿ. ಆಹಾರದಲ್ಲಿ ಸಸಾರಜನಕ ಶೇಕಡ 40ಕ್ಕೆ ಕಡಿಮೆ ಇರಬಾರದು. ಆರಂಭದಲ್ಲಿ ಮೀನಿನ ಒಟ್ಟು ತೂಕದ ಶೇಕಡ 8ರಿಂದ 10, ಮುಂದೆ ಇಳಿಸುತ್ತ ಬಂದು ಶೇಕಡ 3ರಷ್ಟು ಆಹಾರವನ್ನು ಬೆಳಿಗ್ಗೆ, ಸಂಜೆ ಕೊಡಿ. ಸಂಜೆಯ ಪಾಲು ಹೆಚ್ಚಿರಲಿ.

ನಮ್ಮ ಕಡೆ ರೈತರಿಗೆ ಒಂದು ಅನುಕೂಲವಿದೆ. ರಾಮನಗರ, ಕನಕಪುರದ ಸುತ್ತ ರೇಷ್ಮೆ ನೂಲು ಬಿಚ್ಚಿದ ಮೇಲೆ ಉಳಿಯುವ ಹುಳು, ಪ್ಯೂಪಾ, ರಾಶಿಯಾಗಿ ಸಿಗುತ್ತದೆ. ಒಣಗಿಸಿದ ಪ್ಯೂಪಾದಲ್ಲಿ ಸುಮಾರು ಅರ್ಧ ಭಾಗ ಸಸಾರಜನಕವೇ ಇದೆ. ಆದರೆ ಎಣ್ಣೆಯ ಅಂಶವೂ ಹೆಚ್ಚಿರುವುದರಿಂದ ಬೇಗ ಕಮಟು ಹಿಡಿಯುತ್ತದೆ. ಹೊಸದನ್ನು ತಂದು, ಅಂದೇ ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ ಪುಡಿ ಮಾಡಿ, ಮೀನುಪುಡಿಯ ಒಂದು ಭಾಗದ ಬದಲಿಗೆ ಬಳಸಿ. ಅಂಗಡಿಯ ಹಸಿ ಕೋಳಿ ಕರುಳನ್ನು ಹೊಂಡಕ್ಕೆ ಸುರಿಯುವುದು ತಪ್ಪು. ನೀರು ಕೆಡುತ್ತದೆ, ರೋಗ ಬರುತ್ತದೆ, ನೆರೆಯವರ ದೂರೂ ಬರುತ್ತದೆ.

ಒಳ್ಳೆಯ ಪೋಷಣೆಯಲ್ಲಿ ಎಂಟರಿಂದ ಹತ್ತು ತಿಂಗಳಲ್ಲಿ ಮೀನು ಅರ್ಧದಿಂದ ಮುಕ್ಕಾಲು ಕಿ.ಗ್ರಾಂ. ತೂಗುತ್ತದೆ. ನಾಲ್ಕು ಗುಂಟೆಯ ಹೊಂಡಕ್ಕೆ 500 ಮರಿ ಬಿಟ್ಟು, 350 ಉಳಿದು, ಒಂದೊಂದು 600 ಗ್ರಾಂ ತೂಗಿದರೆ 210 ಕಿ.ಗ್ರಾಂ. ಮೀನು ಆಯಿತು. ಒಂದು ಕಿ.ಗ್ರಾಂ. ಮೀನಿಗೆ ಸುಮಾರು 1.8 ಕಿ.ಗ್ರಾಂ. ಗುಳಿಗೆ ಆಹಾರ ಬೇಕೆಂದು ಹಿಡಿದರೆ ಒಟ್ಟು 378 ಕಿ.ಗ್ರಾಂ. ಆಹಾರ. ಈ ಲೆಕ್ಕಕ್ಕೆ ನಿಮ್ಮ ಊರಿನ ಆಹಾರದ ದರ, ಮೀನಿನ ದರಗಳನ್ನು ಹಾಕಿ ನೋಡಿ, ಅನಂತರವೇ ಹಣ ಹೂಡಿ. ಖರ್ಚಿನ ದೊಡ್ಡ ಪಾಲು ಆಹಾರದ್ದು. ಮರಿ ಕೊಳ್ಳುವ ಖರ್ಚು ಉಳಿದರೆ ಲಾಭದ ಅಂತರ ಹಿಗ್ಗುತ್ತದೆ.

ಜಿಲೇಬಿ ಮೀನಿನ ಹೊಂಡದಲ್ಲಿ

1952ರಲ್ಲಿ ನಮ್ಮ ದೇಶಕ್ಕೆ ಬಂದ ತಿಲಾಪಿಯಾ, ಅಂದರೆ ಜಿಲೇಬಿ ಮೀನು, ಇಂದು ಬೆಂಗಳೂರು ಸುತ್ತಿನ ಕೆರೆ ಹೊಂಡಗಳಲ್ಲೆಲ್ಲ ತುಂಬಿದೆ. ಮೇಲಿಂದ ಮೇಲೆ ಮರಿ ಹಾಕಿ, ಹೊಂಡವೆಲ್ಲ ಅಂಗೈ ಅಗಲದ ಮೀನೇ ಆಗುತ್ತದೆ. ಅಂತಹ ಹೊಂಡಕ್ಕೆ ಗುಂಟೆಗೆ ಹತ್ತು ಹದಿನೈದರಂತೆ ಬೆರಳುದ್ದದ ಕೊರವ ಬಿಟ್ಟರೆ ಅವು ಜಿಲೇಬಿ ಮರಿಗಳನ್ನು ತಿಂದು ತಾವೂ ಬೆಳೆಯುತ್ತವೆ, ಉಳಿದ ಜಿಲೇಬಿಗಳೂ ದಪ್ಪವಾಗುತ್ತವೆ. ಗೆಂಡೆ ಮರಿಗಳಿರುವ ಹೊಂಡಕ್ಕೆ ಮಾತ್ರ ಕೊರವ ಬಿಡಬೇಡಿ. ಗೆಂಡೆ ಅರ್ಧ ಕಿ.ಗ್ರಾಂ. ದಾಟಿದ ಮೇಲೆ ಚಿಂತೆಯಿಲ್ಲ.

ಹುಣ್ಣು ರೋಗ

ಕೊರವಕ್ಕೆ ತಗಲುವ ದೊಡ್ಡ ರೋಗ ಮೈಮೇಲಿನ ಹುಣ್ಣು. 1988ರಲ್ಲಿ ಭಾರತಕ್ಕೆ ಹರಡಿದ ಈ ರೋಗಕ್ಕೆ ಅತಿ ಹೆಚ್ಚು ಬಲಿಯಾದ ಮೀನುಗಳಲ್ಲಿ ಕೊರವವೂ ಒಂದು. ಇದಕ್ಕೆ ಮೂಲ ಒಂದು ಬೂಷ್ಟಿನಂತಹ ಜೀವಿ. ಮಳೆಗಾಲ ಮುಗಿದು ಚಳಿ ಬಿದ್ದಾಗ, ಅಂದರೆ ನವೆಂಬರಿನಿಂದ ಫೆಬ್ರವರಿಯವರೆಗೆ ಎಚ್ಚರವಾಗಿರಬೇಕು. ಮೊದಲು ಕೆಂಪು ಮಚ್ಚೆ, ಅನಂತರ ಆಳದ ಹುಣ್ಣು ಕಾಣುತ್ತದೆ. ಚಳಿಗೆ ಮುಂಚೆಯೇ ಗುಂಟೆಗೆ ಅರ್ಧದಿಂದ ಒಂದು ಕಿ.ಗ್ರಾಂ. ಸುಣ್ಣವನ್ನು ನೀರಿನಲ್ಲಿ ಕಲಸಿ ಎರಚಿ. ರೋಗ ಕಂಡರೆ ಹುಣ್ಣಾದ ಮೀನುಗಳನ್ನು ತೆಗೆದು ಹೂಳಿ, ಸಿಫಾಕ್ಸ್ ಎಂಬ ಔಷಧಿಯನ್ನು ಒಂದು ಮೀಟರ್ ಆಳದ ಒಂದು ಹೆಕ್ಟೇರ್ ನೀರಿಗೆ ಒಂದು ಲೀಟರಿನಂತೆ, ಅಂದರೆ ಗುಂಟೆಗೆ ಸುಮಾರು 10 ಮಿ.ಲೀ. ಲೆಕ್ಕದಲ್ಲಿ ಹಾಕಬೇಕು. ಚಳಿಯಲ್ಲಿ ಮೀನು ಕಡಿಮೆ ತಿನ್ನುವುದರಿಂದ ಆಹಾರವನ್ನೂ ಕಡಿಮೆ ಮಾಡಿ.

ಹೊರಗಿನ ಮೀನಿನ ಆಸೆ ಬೇಡ

ಬೇಗ ಬೆಳೆಯುತ್ತದೆ ಎಂದು ಹೇಳಿ ಆಫ್ರಿಕನ್ ಕ್ಯಾಟ್‌ಫಿಷ್ ಮರಿಗಳನ್ನು ತಂದು ಮಾರುವವರಿದ್ದಾರೆ. ಇದರ ಸಾಕಣೆಯನ್ನು ಭಾರತ ಸರ್ಕಾರವು 2000ದಲ್ಲೇ ನಿಷೇಧಿಸಿದೆ. ಅದರ ಮೈಮೇಲೆ ಹುರುಪೆ ಇರುವುದಿಲ್ಲ, ಬಾಯ ಸುತ್ತ ನಾಲ್ಕು ಜೊತೆ ಮೀಸೆ ಇರುತ್ತದೆ. ಕೊರವಕ್ಕೆ ಹುರುಪೆ ಉಂಟು, ಮೀಸೆ ಇಲ್ಲ. ಮರಿ ಕೊಳ್ಳುವಾಗ ಇಷ್ಟನ್ನು ನೋಡಿದರೆ ಮೋಸ ಹೋಗುವುದಿಲ್ಲ. ವಿಯೆಟ್ನಾಂ ಮರಲ್ ಎಂದು ಹೇಳಿ ಮಾರುವ ಮರಿಗಳ ಮೂಲವನ್ನೂ ವಿಚಾರಿಸಿ; ಮೂಲ ತಿಳಿಯದ ಮೀನನ್ನು ಕೊಳ್ಳಬೇಡಿ, ಕೆರೆಗಂತೂ ಬಿಡಲೇಬೇಡಿ.

ತನ್ನ ನೀರು ಬಿಟ್ಟು ಬೇರೆ ನೀರಿಗೆ ಹೋದ ಮೀನು ಏನು ಮಾಡುತ್ತದೆ ಎಂಬುದಕ್ಕೆ ಜಪಾನಿನ ಉದಾಹರಣೆ ಇದೆ. ಅಮೆರಿಕದ ಸನ್‌ಫಿಷ್ ಕುಟುಂಬದ ಬ್ಲೂಗಿಲ್ ಎಂಬ ಮೀನು ಅಲ್ಲಿನ ಹೊಂಡಗಳಲ್ಲಿ ರೈತರ ಅಚ್ಚುಮೆಚ್ಚಿನದು. ನಮ್ಮ ಕೊರವದಂತೆ ಅದರ ಗಂಡೂ ಗೂಡು ಮಾಡಿ ಮೊಟ್ಟೆ ಕಾಯುತ್ತದೆ. 1960ರಲ್ಲಿ ಷಿಕಾಗೊ ನಗರದ ಮೇಯರ್ ಜಪಾನಿನ ಯುವರಾಜರಿಗೆ ಈ ಮೀನನ್ನು ಕಾಣಿಕೆಯಾಗಿ ಕೊಟ್ಟರು. ಅದು ಅಲ್ಲಿನ ಕೆರೆಗಳಿಗೆಲ್ಲ ಹಬ್ಬಿ ಸ್ಥಳೀಯ ಮೀನುಗಳ ಮೊಟ್ಟೆ ಮರಿಗಳನ್ನು ತಿಂದು ಹಾಕಿತು. ಮುಂದೆ ಚಕ್ರವರ್ತಿಯಾದ ಅವರೇ 2007ರಲ್ಲಿ ಅದಕ್ಕಾಗಿ ಬಹಿರಂಗವಾಗಿ ನೊಂದುಕೊಂಡರು. ಅತ್ತ ಅಮೆರಿಕದಲ್ಲಿ ಏಷ್ಯದ ಕೊರವ ಜಾತಿಗಳೇ ಪೀಡೆಯಾಗಿ, 2002ರಲ್ಲಿ ಅವುಗಳ ಆಮದನ್ನು ಅಲ್ಲಿನ ಸರ್ಕಾರ ತಡೆಯಿತು. ಇಲ್ಲಿ ಕೆರೆಯನ್ನು ಹದವಾಗಿಡುವ ಮೀನು ಅಲ್ಲಿ ಕಂಟಕ. ಅಲ್ಲಿ ಮೆಚ್ಚಿನ ಮೀನು ಇನ್ನೊಂದು ಕಡೆ ಕಂಟಕ. ನಮ್ಮ ನೀರಿಗೆ ನಮ್ಮ ಮೀನೇ ಸರಿ.

ನೆನಪಿನಲ್ಲಿಡಬೇಕಾದ ಅಂಶಗಳು

1. ಮರಿಗಳ ಮುದ್ದೆಯನ್ನಾಗಲಿ, ಅದನ್ನು ಕಾಯುವ ಮೀನನ್ನಾಗಲಿ ಕೆರೆಯಿಂದ ಹಿಡಿಯಬೇಡಿ.
2. ಒಂದು ತೊಟ್ಟಿಗೆ ಒಂದೇ ಜೋಡಿ. ಮೇಲೆ ಬಲೆ ತಪ್ಪದಿರಲಿ.
3. ಮರಿ ಹುಟ್ಟುವುದಕ್ಕೆ ಮುಂಚೆಯೇ ಪ್ಲವಕಗಳನ್ನು ಬೆಳೆಸಿಡಿ.
4. ವಾರಕ್ಕೊಮ್ಮೆಯಾದರೂ ಮರಿಗಳನ್ನು ಗಾತ್ರದಂತೆ ವಿಂಗಡಿಸಿ.
5. ತಯಾರಿಸಿದ ಆಹಾರಕ್ಕೆ ಒಗ್ಗಿದ ಮರಿಗಳನ್ನು ಮಾತ್ರ ಹೊಂಡಕ್ಕೆ ಬಿಡಿ.
6. ನೀರು ಐದು ಅಡಿ ಮೀರದಿರಲಿ. ಚರಂಡಿ ನೀರು ಸೇರದಿರಲಿ.
7. ಚಳಿಗೆ ಮುಂಚೆ ಸುಣ್ಣ ಹಾಕಲು ಮರೆಯಬೇಡಿ.

ಮೊದಲ ವರ್ಷ ಎರಡೇ ಜೋಡಿಗಳಿಂದ ಆರಂಭಿಸಿ ಕೈ ಪಳಗಿಸಿಕೊಳ್ಳಿ. ನಿಮ್ಮ ಹೊಂಡಕ್ಕೆ ಬೇಕಾದಷ್ಟು ಮರಿ ಒಂದು ಜೋಡಿಯಿಂದಲೇ ಬರುತ್ತದೆ. ಉಳಿದದ್ದನ್ನು ನೆರೆಯ ರೈತರಿಗೆ ಕೊಡಬಹುದು. ಮನೆಯ ತೊಟ್ಟಿಯಲ್ಲಿ ಮರಿ ಸಿಗುವಂತಾದರೆ ಕೆರೆಯಲ್ಲಿ ಬಲೆ ಹಾಕುವವರು ತಾವಾಗಿಯೇ ಕಡಿಮೆಯಾಗುತ್ತಾರೆ, ಕೆರೆಯ ಕೊರವವೂ ತನ್ನ ಸಂಸಾರವನ್ನು ತಾನು ನೋಡಿಕೊಳ್ಳುತ್ತದೆ.